ದುಷ್ಯಂತನಿಗೆ ಕಾಲರ್ ಮೈಕು, ಬೆಸ್ತನಿಗೆ ಬರೀ ಬಾಯಿ

ಕಲಬುರಗಿಯಲ್ಲಿ ವಸಾಹತುಶಾಹಿಯನ್ನು ಪ್ರಶ್ನಿಸುವ 'ಶಾಕುಂತಲ' ಆಡಿಸಬೇಕೆ? ಪ್ರಸ್ತಾವನೆ ಇಂಗ್ಲಿಷಿನಲ್ಲೇ ಇರಲಿ. ಕನ್ನಡದಲ್ಲಿ ಪ್ರಶ್ನಿಸಿದರೆ ಅನುದಾನ ಕೊಡುವವರಿಗೆ ತಿಳಿಯಬೇಕಲ್ಲ! ಆಮೇಲೆ ಮೆಕಾಲೆಗೆ ಒಂದಿಷ್ಟು ಬೈಗುಳ. ಇಂಗ್ಲಿಷ್ ಶಿಕ್ಷಣವೇ ಬೇಕೆಂದು ಅವನು 1835ರಲ್ಲಿ ಟಿಪ್ಪಣಿ ಬರೆದಾಗ ಈ ಸೀಮೆ ನಿಜಾಮರ ಕೈಲಿತ್ತು, 1948ರ ಸೆಪ್ಟೆಂಬರ್ ತನಕವೂ ಇತ್ತು. ಕಚೇರಿಯಲ್ಲಿ ಮೊದಲು ಪಾರಸಿ, ಆಮೇಲೆ ಉರ್ದು. ಇರಲಿ, ಬೈಯೋದಕ್ಕೆ ಮೆಕಾಲೆಯೇ ಸಲೀಸು.

ಇನ್ನು ಭಾಷೆ. ಕಾಳಿದಾಸನಲ್ಲಿ ರಾಜನಿಗೂ ಋಷಿಗಳಿಗೂ ಸಂಸ್ಕೃತ. ಶಕುಂತಲೆಗೆ, ಸಖಿಯರಿಗೆ, ಬ್ರಾಹ್ಮಣನೇ ಆದರೂ ವಿದೂಷಕನಿಗೆ ಪ್ರಾಕೃತ. ಆರನೇ ಅಂಕದಲ್ಲಿ ರಾಜನ ಉಂಗುರದ ಸಮೇತ ಕಾವಲುಗಾರರ ಕೈಗೆ ಸಿಕ್ಕಿಬೀಳುವ ಬೆಸ್ತನಿಗೆ ಮಾಗಧಿ, ಅಂದರೆ ಕೀಳು ಪಾತ್ರಗಳಿಗೆ ಮೀಸಲಾದ ಪ್ರಾಕೃತ. ಈ ಮೇಲು-ಕೀಳನ್ನು ಮುರಿಯುತ್ತಿದ್ದೇವೆಂದು ಕರಪತ್ರದಲ್ಲಿ ಅಚ್ಚು ಹಾಕಿಸಿ. ತಾಲೀಮಿನಲ್ಲಿ ಮಾತ್ರ ದುಷ್ಯಂತನಿಗೆ ಪಠ್ಯಪುಸ್ತಕದ ಕನ್ನಡ, ಬೆಸ್ತನಿಗೆ ಜೇವರ್ಗಿ ಕಡೆಯ ಮಾತು. "ನಾ ಕದ್ದಿಲ್ರೀ ಸಾಹೇಬ್ರ, ಮೀನಿನ ಹೊಟ್ಟ್ಯಾಗ ಸಿಕ್ಕದ" ಅಂದ ಕೂಡಲೇ ಸಭೆ ನಗಬೇಕು. ನಗೋದು ಕಾವಲುಗಾರರ ಪೆದ್ದುತನಕ್ಕಲ್ಲ, 'ಸಿಕ್ಕದ' ಅಂದದ್ದಕ್ಕೆ. ದುಷ್ಯಂತನ ವೇಷ ಹಾಕಿದ ಶಹಾಪುರದ ಹುಡುಗ ಐದನೇ ಅಂಕದಲ್ಲಿ ಬಾಯಿತಪ್ಪಿ "ಯಾರಾಕಿ ಈಕಿ?" ಅಂದನೋ, ಅದು ಉಚ್ಚಾರದೋಷ. ತಿದ್ದಲು ಅರ್ಧ ತಾಲೀಮು ಎತ್ತಿಡಿ.

ನಾಟ್ಯಶಾಸ್ತ್ರದಲ್ಲಿ ಭರತಮುನಿ ಹೇಳುವ ಮಧ್ಯಮ ಅಳತೆಯ ನಾಟ್ಯಗೃಹ 64 ಮೊಳ ಉದ್ದ, 32 ಮೊಳ ಅಗಲ. ಅದರಲ್ಲಿ ಅರ್ಧ ಪ್ರೇಕ್ಷಕರಿಗೆ, ಉಳಿದರ್ಧದಲ್ಲಿ ರಂಗ, ನೇಪಥ್ಯ. ಇದಕ್ಕಿಂತ ದೊಡ್ಡದಾದರೆ ಮಾತು ಕೇಳಿಸದೆಂದು ಆಗಲೇ ಎಚ್ಚರಿಸಿದ್ದಾನೆ. ನೀವು ಅದಕ್ಕಿಂತ ದೊಡ್ಡ ಸಭಾಂಗಣವನ್ನೇ ಹಿಡಿಯಿರಿ. ಕಾಲರ್ ಮೈಕು ಎರಡೇ ಇದ್ದರೆ ಒಂದು ರಾಜನಿಗೆ, ಇನ್ನೊಂದು ಕಣ್ವರಿಗೆ. ಬೆಸ್ತನ ತಲೆಯ ಮೇಲೆ ತೂಗುವ ಮೈಕು ಅವನ ಮಾತಿಗಿಂತ ಫ್ಯಾನಿನ ಸದ್ದನ್ನೇ ಚೆನ್ನಾಗಿ ಹಿಡಿಯುತ್ತದೆ. ಅವನು ಅದರ ಕೆಳಗೆ ಬರೋಣವೆಂದರೆ ದೀಪದ ವೃತ್ತ ಸಿಂಹಾಸನದ ಮೇಲಿದೆ. ಕೊನೆಗೆ ಗಂಟಲು ಹರಿದುಕೊಂಡು ಕೂಗುತ್ತಾನೆ; ಮರುದಿನ ವಿಮರ್ಶಕರು 'ಗ್ರಾಮ್ಯ ಅಬ್ಬರ' ಎಂದು ಬರೆಯುತ್ತಾರೆ.

ಒಂದು ತುಣುಕನ್ನು ಮಾತ್ರ ಮರೆಯದೆ ಕತ್ತರಿಸಿ. ಉಂಗುರ ಸಿಕ್ಕಿದ್ದಕ್ಕೆ ರಾಜ ಕೊಟ್ಟ ಬಹುಮಾನದಲ್ಲಿ ಬೆಸ್ತ ಅರ್ಧವನ್ನು 'ಹೂವಿನ ಖರ್ಚಿಗೆ' ಅಂತ ಅದೇ ಕಾವಲುಗಾರರ ಕೈಗಿಡುತ್ತಾನೆ. ಆಮೇಲೆ ಅಧಿಕಾರಿಯೂ ಸೇರಿ ಎಲ್ಲರೂ ಹೆಂಡದಂಗಡಿಗೆ. ಮುಂದಿನ ಸೋಫಾದಲ್ಲಿ ಸಾಹೇಬರು ಕೂತಿರುತ್ತಾರೆ. ಅದನ್ನೂ ಬ್ರಿಟಿಷರೇ ಕಲಿಸಿದ್ದೆಂದು ಒಪ್ಪಿಸೋದು ಕಷ್ಟ.