ಹೈಬ್ರಿಡ್ ಕಾರಿಗೆ ಬ್ರೇಕ್ ಕೆಲಸವೇ ಇಲ್ಲ ಅನ್ನೋದು ಕರಾವಳಿಯಲ್ಲಿ ನಡೆಯೋದಿಲ್ಲ

ಪೆಟ್ರೋಲ್ ಎಂಜಿನ್ ಜೊತೆ ಕರೆಂಟ್ ಮೋಟಾರೂ ಇರುವ ಹೈಬ್ರಿಡ್ ಕಾರು ತಗೊಂಡವರೆಲ್ಲ ಹೇಳುವ ಒಂದು ಮಾತು ಉಂಟು. "ಬ್ರೇಕ್ ಪ್ಯಾಡ್ ಒಂದು ಲಕ್ಷ ಕಿಲೋಮೀಟರ್ ಬರುತ್ತೆ, ಬ್ರೇಕಿಗೆ ಖರ್ಚೇ ಇಲ್ಲ." ಕಾರು ಮಾರುವವರೂ ಇದನ್ನೇ ಹೇಳ್ತಾರೆ. ಮಾತು ಪೂರ್ತಿ ಸುಳ್ಳೇನಲ್ಲ. ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ನಡೆದೀತು. ಸುರತ್ಕಲ್ಲಿನಲ್ಲಿ ರಾತ್ರಿ ಸಮುದ್ರದ ಸದ್ದು ಕೇಳುವಷ್ಟು ಹತ್ತಿರ ಕಾರು ನಿಲ್ಲಿಸುವ ನನ್ನಂಥವರಿಗೆ ನಡೆಯೋದಿಲ್ಲ. ನಮ್ಮ ಕಡೆ ಹೈಬ್ರಿಡ್ ಕಾರಿನ ಬ್ರೇಕು ಸವೆದು ಹಾಳಾಗೋದು ಕಡಿಮೆ, ಕೆಲಸ ಇಲ್ಲದೆ ಕೂತು ಹಾಳಾಗೋದೇ ಜಾಸ್ತಿ.

ಹೈರೈಡರ್, ಗ್ರಾಂಡ್ ವಿಟಾರಾ, ಹೈಕ್ರಾಸ್, ಸಿಟಿ ಹೈಬ್ರಿಡ್, ಯಾವುದೇ ಇರಲಿ, ಪೆಡಲ್ ಮೆಲ್ಲ ಒತ್ತಿದಾಗ ಕಾರನ್ನು ನಿಧಾನ ಮಾಡೋದು ಹೆಚ್ಚಾಗಿ ಪ್ಯಾಡ್ ಅಲ್ಲ, ಮೋಟಾರು. ಓಡುವ ಚಕ್ರವೇ ಮೋಟಾರನ್ನು ತಿರುಗಿಸುತ್ತೆ, ಮೋಟಾರು ಆಗ ಜನರೇಟರ್ ಆಗಿ ಬ್ಯಾಟರಿ ಚಾರ್ಜ್ ಮಾಡುತ್ತೆ, ಆ ಎಳೆತಕ್ಕೆ ವೇಗ ಇಳಿಯುತ್ತೆ. ವೇಗ ಹತ್ತರ ಆಸುಪಾಸಿಗೆ ಬಂದ ಮೇಲೆ ಪ್ಯಾಡು ಬಂದು ಚಕ್ರದ ಜೊತೆ ತಿರುಗುವ ಡಿಸ್ಕನ್ನು ಹಿಡಿಯುತ್ತೆ. ಗಟ್ಟಿಯಾಗಿ ಒತ್ತಿದರೆ ಎರಡೂ ಸೇರಿ ಕೆಲಸ ಮಾಡುತ್ತವೆ. ಇದನ್ನೆಲ್ಲ ಕಂಪ್ಯೂಟರ್ ನೋಡಿಕೊಳ್ಳುತ್ತೆ, ನಮ್ಮ ಕಾಲಿಗೆ ಏನೂ ಗೊತ್ತಾಗೋದಿಲ್ಲ. ಕೂಳೂರು ಸೇತುವೆ ದಾಟಿ ಉಡುಪಿ ಕಡೆ ಹೈವೇ ಹಿಡಿದು ಸಮಾಧಾನದಲ್ಲಿ ಓಡಿಸುವವರಾದರೆ, ಹೆಜಮಾಡಿ ಟೋಲ್‌ನಲ್ಲಿ ಕಾರು ನಿಲ್ಲುವ ಕೊನೆಯ ಎರಡು ಮಾರು ದೂರ ಮಾತ್ರ ಪ್ಯಾಡಿಗೆ ಕೆಲಸ.

ಡಿಸ್ಕ್ ಅಂದರೆ ಬೀಡು ಕಬ್ಬಿಣ. ಪ್ಯಾಡು ಉಜ್ಜುವ ಜಾಗಕ್ಕೆ ಪೇಂಟ್ ಹಚ್ಚುವ ಹಾಗಿಲ್ಲ. ಮಂಗಳೂರಿಗೆ ವರ್ಷಕ್ಕೆ ಬೀಳುವ ಮಳೆ 3,500 ಮಿಲಿಮೀಟರ್‌ಗಿಂತ ಜಾಸ್ತಿ. ಮಳೆ ಇಲ್ಲದ ತಿಂಗಳಲ್ಲೂ ಗಾಳಿಯಲ್ಲಿ ಹಸಿ ಇದ್ದೇ ಇರುತ್ತೆ, ಅದರ ಜೊತೆ ಉಪ್ಪು. ಒಂದು ರಾತ್ರಿ ಮಳೆಗೆ ನಿಂತ ಕಾರಿನ ಡಿಸ್ಕು ಬೆಳಗ್ಗೆ ಕೆಂಪಾಗಿರೋದನ್ನು ಎಲ್ಲರೂ ನೋಡಿರುತ್ತೀರಿ. ಮಾಮೂಲಿ ಪೆಟ್ರೋಲ್ ಕಾರಾದರೆ ಮನೆಯಿಂದ ಮೇನ್ ರೋಡಿಗೆ ಬರುವಷ್ಟರಲ್ಲಿ ನಾಲ್ಕು ಸಲ ಬ್ರೇಕ್ ಒತ್ತಿದಾಗ ಪ್ಯಾಡೇ ಅದನ್ನು ಕೆರೆದು ಹಾಕುತ್ತೆ. ಹೈಬ್ರಿಡ್‌ನಲ್ಲಿ ಆ ಕೆರೆಯುವ ಕೆಲಸ ಅರ್ಧಂಬರ್ಧ ಆಗುತ್ತೆ. ಇವತ್ತಿನ ತುಕ್ಕು ಸ್ವಲ್ಪ ಉಳಿಯಿತು, ಅದರ ಮೇಲೆ ನಾಳೆಯದ್ದು ಕೂತಿತು. ಆಮೇಲೆ ಅದು ಬರೀ ಬಣ್ಣ ಅಲ್ಲ, ಗುಳಿ ಬಿದ್ದ ತುಕ್ಕು. ಹಿಂದಿನ ಚಕ್ರದ ಕಥೆ ಇನ್ನೂ ಕಷ್ಟ. ಮೊದಲೇ ಹಿಂದಿನ ಬ್ರೇಕಿಗೆ ಭಾರ ಕಡಿಮೆ, ಅದರಲ್ಲೂ ಅರ್ಧ ಕೆಲಸವನ್ನು ಮುಂದಿನ ಚಕ್ರದ ಮೋಟಾರು ಕಿತ್ತುಕೊಂಡಿರುತ್ತೆ. ಅಲಾಯ್ ವೀಲ್ ಸಂದಿಯಿಂದ ಟಾರ್ಚ್ ಬಿಟ್ಟು ಹಿಂದಿನ ಡಿಸ್ಕ್ ಒಮ್ಮೆ ನೋಡಿ. ಅಂಚಿನಲ್ಲಿ ತುಕ್ಕಿದ್ದರೆ ತಲೆಬಿಸಿ ಬೇಡ. ಪ್ಯಾಡು ಉಜ್ಜುವ ಜಾಗದಲ್ಲೇ ಉಂಗುರದ ಹಾಗೆ ಪಟ್ಟೆ ಪಟ್ಟೆ ಇದ್ದರೆ ಕೆಲಸ ಉಂಟು ಅಂತ ಲೆಕ್ಕ.

ಡಿಸ್ಕ್ ಕಣ್ಣಿಗಾದರೂ ಕಾಣುತ್ತೆ. ಕಾಣದೆ ಹಾಳಾಗೋದು ಕ್ಯಾಲಿಪರ್ ಪಿನ್. ಕ್ಯಾಲಿಪರ್ ಅಂದರೆ ಎರಡೂ ಪ್ಯಾಡನ್ನು ಡಿಸ್ಕಿಗೆ ಒತ್ತುವ ಇಕ್ಕಳದಂಥ ಭಾಗ. ಪ್ಯಾಡನ್ನು ಒತ್ತುವ ಪಿಸ್ಟನ್ ಇರೋದು ಡಿಸ್ಕಿನ ಒಳಬದಿಗೆ ಮಾತ್ರ. ಅದು ಒಳಗಿನ ಪ್ಯಾಡನ್ನು ತಳ್ಳಿದಾಗ ಇಡೀ ಕ್ಯಾಲಿಪರ್ ಎರಡು ಪಿನ್ನಿನ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದುಕೊಳ್ಳಬೇಕು. ಪಿನ್ನಿಗೆ ರಬ್ಬರ್ ಬೂಟು, ಒಳಗೆ ಗ್ರೀಸು ಇರುತ್ತೆ. ಗ್ರೀಸು ಒಣಗಿ, ಬೂಟಿನ ಸಂದಿಯಲ್ಲಿ ನೀರು ಹೋಗಿ, ಮೇಲಿಂದ ನಮ್ಮ ಕೆಂಪು ಮಣ್ಣಿನ ರಾಡಿ ಮೆತ್ತಿದರೆ ಪಿನ್ನು ಹಿಡಿದುಕೊಳ್ಳುತ್ತೆ, ಮಳೆಗಾಲ ಕಳೆದ ಮೇಲೆ ಅಂಗಳದ ಗೇಟಿನ ಚಿಲಕ ಎಳೆದರೂ ಬಾರದ ಹಾಗೆ. ಆಗ ಒಳಗಿನ ಪ್ಯಾಡು ಒಂದೇ ಸವೆಯುತ್ತೆ, ಹೊರಗಿನದ್ದು ಹೊಸದರ ಹಾಗೆ ಇರುತ್ತೆ. ಹೊರಗಿನಿಂದ ನೋಡಿದವರು "ಪ್ಯಾಡ್ ತುಂಬಾ ಇದೆ ಸರ್" ಅಂತ ಕಳಿಸ್ತಾರೆ! ಒಳಗಿನದ್ದು ತಗಡಿಗೆ ಬಂದಿರಬಹುದು. ಇನ್ನೊಂದು ತೊಂದರೆ, ಪ್ಯಾಡಿನ ಹಿಂದಿರುವ ಕಬ್ಬಿಣದ ತಗಡೇ ತುಕ್ಕು ಹಿಡಿದು ಉಬ್ಬಿ, ಪ್ಯಾಡಿನ ಮಸಾಲೆ, ಅಂದರೆ ಡಿಸ್ಕಿಗೆ ಉಜ್ಜುವ ಪದರ, ಎದ್ದು ಬರೋದು. ದಪ್ಪ ಅಳೆದರೆ ಬೇಕಾದಷ್ಟು ಉಂಟು, ಆದರೆ ಪ್ಯಾಡ್ ಬಿಸಾಡಬೇಕು.

ಬ್ರೇಕು ಬಿಡದೆ ಹಿಡಿದುಕೊಂಡಿದ್ದರೆ ಮೊದಲು ಹೊಡೆತ ಬೀಳೋದು ಮೈಲೇಜಿಗೆ. ಹೈರೈಡರ್, ಗ್ರಾಂಡ್ ವಿಟಾರಾ ಹೈಬ್ರಿಡ್ ತಗೊಂಡವರು ಹೆಚ್ಚಿನವರು ಮೈಲೇಜ್ ಪರೀಕ್ಷೆ ಮಾಡುವ ಎಆರ್‌ಎಐ ಸಂಸ್ಥೆ ಕೊಟ್ಟ ಲೀಟರಿಗೆ 27.97 ಕಿಲೋಮೀಟರ್ ಅನ್ನೋ ಸಂಖ್ಯೆ ನೋಡಿಯೇ ತಗೊಂಡದ್ದು ಅಲ್ವಾ. ಮೈಲೇಜ್ ಇಳಿದ ಕೂಡಲೇ ಪೆಟ್ರೋಲ್ ಬಂಕನ್ನು ಬೈಯುತ್ತೇವೆ, ಎಥನಾಲನ್ನು ಬೈಯುತ್ತೇವೆ. ಒಂದರ್ಧ ಗಂಟೆ ಓಡಿಸಿ ಬಂದ ಮೇಲೆ ನಾಲ್ಕೂ ಚಕ್ರದ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ ಮಾರಾಯ್ರೆ, ಹತ್ತಿರ ಹಿಡಿದರೆ ಸಾಕು. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಜಾಸ್ತಿ ಬಿಸಿ ಇದ್ದರೆ ಬೈಗುಳ ಯಾರಿಗೆ ಸಲ್ಲಬೇಕು ಅಂತ ಗೊತ್ತಾಗುತ್ತೆ.

ಇಲ್ಲಿ ನನ್ನದೊಂದು ದೂರು. ನನ್ನ ಕಾರಿನ ಸರ್ವಿಸ್ ಬಿಲ್ಲಿನಲ್ಲಿ "ಬ್ರೇಕ್ ಕ್ಲೀನಿಂಗ್" ಅಂತ ಒಂದು ಸಾಲು ಇತ್ತು. ದುಡ್ಡೂ ಹಾಕಿದ್ದರು. ಗಾಜಿನ ಆಚೆ ಕೂತು ಕಾರನ್ನೇ ನೋಡ್ತಾ ಇದ್ದೆ, ಒಂದು ಚಕ್ರವನ್ನೂ ಬಿಚ್ಚಲಿಲ್ಲ. ಕೇಳಿದರೆ ಸ್ಪ್ರೇ ಹೊಡೆದಿದ್ದೇವೆ ಅಂದರು. ಹೊರಗಿನಿಂದ ಸ್ಪ್ರೇ ಹೊಡೆದರೆ ಪಿನ್ನಿಗೆ ಗ್ರೀಸು ಹೇಗೆ ಹೋಗುತ್ತೆ ಅಂತ ಕೇಳಿದೆ. "ಸರ್, ಹೈಬ್ರಿಡ್‌ಗೆ ಅದೆಲ್ಲ ಬೇಕಾಗೋದಿಲ್ಲ" ಅಂತ ಉತ್ತರ. ಬೇಕಾಗೋದಿಲ್ಲ ಅಂದರೆ ದುಡ್ಡು ಎಂತಕ್ಕೆ? ಆ ಸಾಲು ಬಿಲ್ಲಿನಿಂದ ತೆಗೆದರು. ಕೆಲಸ ಮಾತ್ರ ಬೇರೆ ಕಡೆ ಮಾಡಿಸಬೇಕಾಯಿತು. ಅಲ್ಲಿ ಹಿಂದಿನ ಎಡ ಚಕ್ರದ ಒಂದು ಪಿನ್ನನ್ನು ತಟ್ಟಿ ತಟ್ಟಿ ಹೊರಗೆ ತೆಗೆದರು.

ಮಾಡಿಸಬೇಕಾದ ಕೆಲಸ ದೊಡ್ಡದಲ್ಲ. ಚಕ್ರ ಬಿಚ್ಚಿ, ಪ್ಯಾಡ್ ಹೊರಗೆ ತೆಗೆದು, ಅದು ಕೂರುವ ಕ್ಲಿಪ್ಪಿನ ತುಕ್ಕು ಉಜ್ಜಿ, ಪಿನ್ ಒರೆಸಿ ಬ್ರೇಕಿಗೆಂದೇ ಸಿಗುವ ಸಿಲಿಕಾನ್ ಗ್ರೀಸ್ ಹಚ್ಚಿ, ಒಳಗಿನ ಹೊರಗಿನ ಎರಡೂ ಪ್ಯಾಡಿನ ದಪ್ಪ ಅಳೆದು ಬರೆಯೋದು. ಮಾಮೂಲಿ ಚಾಸಿ ಗ್ರೀಸ್ ಬೇಡ, ಅದು ರಬ್ಬರನ್ನು ಉಬ್ಬಿಸುತ್ತೆ. ಪ್ಯಾಡು 3 ಮಿಲಿಮೀಟರ್ ಹತ್ತಿರ ಬಂದಿದ್ದರೆ ಬದಲಿಸಿ. ಇಷ್ಟನ್ನು ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಮಾಡಿಸಿದರೆ ಆಯಿತು. ಕಿಲೋಮೀಟರ್ ನೋಡಬೇಡಿ. ಕಡಿಮೆ ಓಡಿದ ಕಾರಿಗೇ ಇದು ಜಾಸ್ತಿ ಬೇಕು.

ಒಂದು ಎಚ್ಚರಿಕೆ ಮಾತ್ರ. ಹೈಬ್ರಿಡ್‌ನ ಬ್ರೇಕಿಗೆ ಪಂಪು, ವಾಲ್ವು, ಕಂಪ್ಯೂಟರ್ ಎಲ್ಲ ಇರುತ್ತೆ. ಕೆಲವು ಕಾರಿನಲ್ಲಿ ಡ್ರೈವರ್ ಬಾಗಿಲು ತೆರೆದ ಕೂಡಲೇ ಪಂಪು ಎದ್ದು ಒತ್ತಡ ತುಂಬಿಸುತ್ತೆ. ಪ್ಯಾಡ್ ತೆಗೆದಿಟ್ಟ ಹೊತ್ತಿಗೆ ಯಾರೋ ಬಾಗಿಲು ತೆರೆದರೆ ಪಿಸ್ಟನ್ ಹೊರಗೆ ಬರಬಹುದು, ಮೆಕ್ಯಾನಿಕ್‌ನ ಬೆರಳೂ ಅಲ್ಲೇ ಇರುತ್ತೆ. ಹಿಂದೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಅದನ್ನು ಸರ್ವಿಸ್ ಮೋಡ್‌ಗೆ ಹಾಕಿಯೇ ಕೆಲಸ ಶುರು ಮಾಡಬೇಕು. ಹಾಗಾಗಿ ಹೈಬ್ರಿಡ್ ಬ್ರೇಕ್ ಮುಟ್ಟಿ ಗೊತ್ತಿರುವವರ ಹತ್ತಿರವೇ ಹೋಗಿ. ನಾನೂ ಸ್ಪ್ಯಾನರ್ ಹಿಡಿಯುವವನೇ, ಆದರೆ ಇದಕ್ಕೆ ಕೈ ಹಾಕುವುದಿಲ್ಲ.

ಇನ್ನು ಬ್ರೇಕ್ ಆಯಿಲ್. "ಹೈಬ್ರಿಡ್‌ನಲ್ಲಿ ಬ್ರೇಕ್ ಬಿಸಿಯೇ ಆಗೋದಿಲ್ಲ, ಆಯಿಲ್ ಯಾಕೆ ಬದಲಿಸೋದು" ಅನ್ನುವವರು ಇದ್ದಾರೆ. ಬ್ರೇಕ್ ಆಯಿಲ್ ಓಡಿ ಹಾಳಾಗೋದಲ್ಲ ಸ್ವಾಮಿ, ಇದ್ದಲ್ಲೇ ಹಾಳಾಗೋದು. ಅದು ಗಾಳಿಯ ಹಸಿಯನ್ನು ಎಳೆದುಕೊಳ್ಳುತ್ತೆ. ರಬ್ಬರ್ ಪೈಪಿನ ಮೂಲಕ, ಡಬ್ಬಿಯ ಮುಚ್ಚಳದ ಮೂಲಕ ನಿಧಾನಕ್ಕೆ ನೀರು ಸೇರುತ್ತಲೇ ಇರುತ್ತೆ. ಬ್ರೇಕ್ ಆಯಿಲ್‌ನಲ್ಲಿ ಡಾಟ್ 3, ಡಾಟ್ 4 ಅಂತ ದರ್ಜೆ ಇರುತ್ತೆ. ಹೊಸ ಡಾಟ್ 3 ಆಯಿಲ್ ಕುದಿಯಬೇಕಾದರೆ ಕನಿಷ್ಠ 205 ಡಿಗ್ರಿ ಬೇಕು. ಅದರಲ್ಲಿ ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ 140 ಡಿಗ್ರಿಗೇ ಕುದಿದರೂ ಪಾಸು. ಡಾಟ್ 4ಕ್ಕೆ ಇದೇ ಲೆಕ್ಕ 230 ಮತ್ತು 155. ಇವು ಸ್ಟ್ಯಾಂಡರ್ಡ್ ಕೇಳುವ ಕನಿಷ್ಠ ಸಂಖ್ಯೆಗಳು, ಒಳ್ಳೆ ಆಯಿಲ್ ಇದಕ್ಕಿಂತ ಮೇಲೇ ಇರುತ್ತೆ. ಕುದಿಯುವುದು ಒಂದು ಭಯವಾದರೆ, ನೀರು ಸೇರಿದ ಆಯಿಲ್ ಒಳಗಿಂದ ತುಕ್ಕು ಹಿಡಿಸೋದು ಇನ್ನೊಂದು. ಹೈಬ್ರಿಡ್‌ನಲ್ಲಿ ಆ ಆಯಿಲ್ ಓಡಾಡೋದು ಸಣ್ಣ ಸಣ್ಣ ವಾಲ್ವು ಇರುವ ಆಕ್ಚುಯೇಟರ್ ಒಳಗೆ, ಅಂದರೆ ಬ್ರೇಕಿನ ಒತ್ತಡ ಹಂಚುವ ಪೆಟ್ಟಿಗೆಯ ಒಳಗೆ. ಅದು ಕೈಕೊಟ್ಟರೆ ಹೆಚ್ಚಾಗಿ ರಿಪೇರಿ ಅಂತ ಇಲ್ಲ, ಇಡೀ ಪೆಟ್ಟಿಗೆಯೇ ಬದಲಿ. ಬೆಲೆ ಒಮ್ಮೆ ವಿಚಾರಿಸಿ ನೋಡಿ, ಆಯಿಲ್ ಬದಲಿಸುವ ಖರ್ಚು ಖರ್ಚೇ ಅಲ್ಲ ಅನ್ನಿಸುತ್ತೆ.

ಹೆಚ್ಚಿನ ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುತ್ತವೆ, ಕೆಲವು ಮೂರು ವರ್ಷ ಅನ್ನುತ್ತವೆ. ಮ್ಯಾನುಯಲ್‌ನಲ್ಲಿ ಇರುತ್ತೆ. ಮೂರು ಅಂತ ಇದ್ದರೂ ನಮ್ಮ ಕಡೆ ಎರಡೇ ಸರಿ ಅನ್ನೋದು ನನ್ನ ಅಭಿಪ್ರಾಯ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ತಿಳಿಯಾಗಿ ಕಾಣುವ ಆಯಿಲ್‌ನಲ್ಲೂ ನೀರು ಇರಬಹುದು. ಲೈಟ್ ಹೊತ್ತಿಸಿ ನೀರಿನ ಅಂಶ ತೋರಿಸುವ ಪೆನ್ ಟೆಸ್ಟರ್ ಒಂದು ಅಂದಾಜಿಗೆ ಮಾತ್ರ. ಮನೆಯಲ್ಲಿ ಅರ್ಧ ಉಳಿದ, ಹಳೇ ಮಳೆಗಾಲ ಕಂಡ ಬಾಟಲಿಯಿಂದ ಸುರಿಯುವ ಅಭ್ಯಾಸ ಇದ್ದರೆ ಬಿಡಿ, ಅದೂ ಅಷ್ಟೇ ಹಸಿ ಕುಡಿದಿರುತ್ತೆ. ಮತ್ತೆ ಡಬ್ಬಿಯಲ್ಲಿ ಮಟ್ಟ ಇಳಿದಿದೆ ಅಂತ ಸುಮ್ನೆ ತುಂಬಿಸಬೇಡಿ. ಪ್ಯಾಡ್ ಸವೆದ ಹಾಗೆ ಮಟ್ಟ ಇಳಿಯೋದು ಸಹಜ. ಪ್ಯಾಡ್ ಸವೆಯದೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ. ಬದಲಿಸುವಾಗಲೂ ಒಬ್ಬ ಪೆಡಲ್ ತುಳಿದು ಇನ್ನೊಬ್ಬ ಚಕ್ರದ ಹತ್ತಿರದ ನಿಪ್ಪಲ್ ಸಡಿಲಿಸಿ ಹಳೇ ಆಯಿಲ್ ಹೊರಗೆ ಬಿಡುವ ಹಳೇ ವಿಧಾನ ಹಲವು ಹೈಬ್ರಿಡ್‌ಗೆ ಸಾಲದು, ಕಾರಿನ ಕಂಪ್ಯೂಟರ್ ಜೊತೆ ಮಾತಾಡುವ ಸ್ಕ್ಯಾನರ್ ಹಾಕಿ ಪಂಪನ್ನು ಹೇಳಿದ ಹಾಗೆ ಓಡಿಸಬೇಕು. "ಸ್ಕ್ಯಾನರ್ ಉಂಟಾ?" ಅಂತ ಮೊದಲೇ ಕೇಳಿ.

"ಬಿಸಿಯೇ ಆಗೋದಿಲ್ಲ" ಅನ್ನುವವರಿಗೆ ಆಗುಂಬೆ ತೋರಿಸಬೇಕು. ಹದಿನಾಲ್ಕು ತಿರುವು ಇಳಿದು ಸೋಮೇಶ್ವರಕ್ಕೆ ಬರುವಾಗ ಸುಮಾರು ಐನೂರು ಮೀಟರ್ ಕೆಳಗೆ ಬಂದಿರುತ್ತೇವೆ. ಜನ, ಸಾಮಾನು ಸೇರಿ 1,600 ಕಿಲೋ ತೂಗುವ ಕಾರು ಅಷ್ಟು ಇಳಿದರೆ ಬಿಡುವ ಶಕ್ತಿ ಎರಡು ಯೂನಿಟ್ ಕರೆಂಟಿನಷ್ಟು. ಹೈರೈಡರ್‌ನ ಹೈಬ್ರಿಡ್ ಬ್ಯಾಟರಿ ಹಿಡಿಯೋದು ಒಂದು ಯೂನಿಟ್‌ಗಿಂತಲೂ ಕಡಿಮೆ, ಅದರಲ್ಲೂ ಪೂರ್ತಿ ಬಳಸಲು ಕಾರು ಬಿಡೋದಿಲ್ಲ. ಗಾಳಿಗೆ, ಟಯರಿಗೆ ಸ್ವಲ್ಪ ಹೋಯಿತು ಅನ್ನಿ, ಆದರೂ ಅರ್ಧ ಘಾಟಿಯಲ್ಲೇ ಬ್ಯಾಟರಿ ಫುಲ್. ಆಮೇಲೆ ಮೋಟಾರಿಗೆ ಚಾರ್ಜ್ ತುಂಬಿಸಲು ಜಾಗ ಇಲ್ಲ, ಉಳಿದ ಭಾರ ಎಂಜಿನ್ನಿಗೆ ಮತ್ತು ಪ್ಯಾಡಿಗೆ. ಶಿರಾಡಿಯಲ್ಲಿ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡು ತೆವಳುತ್ತಾ ಇಳಿಯುವಾಗ ಬೇರೆ ತೊಂದರೆ, ಆ ವೇಗದಲ್ಲಿ ಮೋಟಾರು ಹಿಡಿಯೋದೇ ಕಡಿಮೆ, ಎಲ್ಲ ಪ್ಯಾಡೇ ಮಾಡಬೇಕು. ವರ್ಷವಿಡೀ ಕೆಲಸ ಇಲ್ಲದೆ ತುಕ್ಕು ತಿಂದ ಬ್ರೇಕಿಗೆ, ನೀರು ಕುಡಿದ ಆಯಿಲ್‌ಗೆ ಒಂದೇ ದಿನ ಇಷ್ಟೆಲ್ಲ ಭಾರ. ಆಯಿಲ್ ಕುದ್ದು ಆವಿಯಾದರೆ ಪೆಡಲ್ ಕೆಳಗೆ ಹೋಗುತ್ತೆ, ಕಾರು ನಿಲ್ಲೋದಿಲ್ಲ. ಘಾಟಿ ಇಳಿಯುವಾಗ, ಎಂಜಿನ್ನಿನ ಎಳೆತದಿಂದಲೇ ವೇಗ ಹಿಡಿದಿಡುವ ಬಿ ಮೋಡ್ ಇದ್ದರೆ ತಿರುವು ಶುರುವಾಗುವ ಮೊದಲೇ ಹಾಕಿ. ಅದು ಇರೋದೇ ಅದಕ್ಕೆ, ಗಿಯರ್ ಪಕ್ಕ ಚಂದಕ್ಕೆ ಬರೆದದ್ದಲ್ಲ.

ದಿನನಿತ್ಯಕ್ಕೆ ನಾನು ಮಾಡೋದು ಇಷ್ಟೇ. ಕಾರು ತೊಳೆದ ಮೇಲೆ ಹಾಗೇ ನಿಲ್ಲಿಸೋದಿಲ್ಲ, ಒಂದು ಸುತ್ತು ಹೋಗಿ ಬ್ರೇಕ್ ಒಣಗಿಸಿ ಬರ್ತೇನೆ. ವಾರಕ್ಕೆ ಒಂದೆರಡು ಸಲ, ಹಿಂದೆ ಮುಂದೆ ಯಾರೂ ಇಲ್ಲದ ನೇರ ರಸ್ತೆಯಲ್ಲಿ, 40ರ ವೇಗದಲ್ಲಿ ಎನ್‌ಗೆ (ನ್ಯೂಟ್ರಲ್‌ಗೆ) ಹಾಕಿ ಹದವಾಗಿ ಬ್ರೇಕ್ ಒತ್ತುತ್ತೇನೆ. ಎನ್‌ನಲ್ಲಿ ನನ್ನ ಕಾರಿನ ಮೋಟಾರು ಹಿಡಿಯೋದಿಲ್ಲ, ಪ್ಯಾಡೇ ಡಿಸ್ಕನ್ನು ಉಜ್ಜಬೇಕಾಗುತ್ತೆ. ತಣ್ಣೀರುಬಾವಿ ಕಡೆ ಬೆಳಗ್ಗೆ ಬೇಗ ಹೋದರೆ ಇದಕ್ಕೆ ಜಾಗ ಸಿಗುತ್ತೆ. ಘಾಟಿಯಲ್ಲಾಗಲಿ ಟ್ರಾಫಿಕ್‌ನಲ್ಲಾಗಲಿ ಇದನ್ನು ಮಾಡಲೇಬೇಡಿ.

ಗಲ್ಫ್‌ನಲ್ಲಿ ಇರುವವರ ಕಾರಿನದ್ದು ಬೇರೆಯೇ ಲೆಕ್ಕ. ನನ್ನ ಭಾವ ಕುವೈತ್‌ನಲ್ಲಿದ್ದಾರೆ, ಕಾರು ಕಾಪುವಿನಲ್ಲಿ ಶೀಟಿನ ಕೆಳಗೆ ಕವರ್ ಹೊದ್ದುಕೊಂಡಿದೆ. ವಾರಕ್ಕೊಮ್ಮೆ ಯಾರೋ ಬಂದು ಸ್ಟಾರ್ಟ್ ಮಾಡಿ ಹೋಗ್ತಾರೆ. ಅದರಿಂದ ಬ್ಯಾಟರಿ ಉಳಿಯಬಹುದು, ಬ್ರೇಕಿಗೆ ಮೂರು ಕಾಸಿನ ಪ್ರಯೋಜನ ಇಲ್ಲ. ಗಾಡಿ ಓಡಬೇಕು, ಬ್ರೇಕ್ ಬೀಳಬೇಕು. ಆ ಕವರ್ ಒಳಗೆ ಹಸಿ ಇನ್ನೂ ಜಾಸ್ತಿ ನಿಲ್ಲುತ್ತೆ. ಫೋನಿನಲ್ಲಿ ಹೇಳಿದರೆ "ಬರೀ ಒಂಬತ್ತು ಸಾವಿರ ಓಡಿದ ಕಾರಿಗೆ ಎಂತ ಬ್ರೇಕ್ ಕೆಲಸ, ನಿನಗೆ ಮರುಳು" ಅಂತ ನಗ್ತಾರೆ. ಅವರ ಕಾರಿಗೆ ಮೂರನೇ ಮಳೆಗಾಲ ಕಳೆಯಿತು, ಆಯಿಲ್ ಶೋರೂಮಿನಿಂದ ಬಂದದ್ದೇ ಇದೆ.

ಕಂಪನಿಯವರು ಕರಾವಳಿಗೆ ಅಂತ ಬೇರೆ ಸರ್ವಿಸ್ ಪಟ್ಟಿ ಮಾಡಬೇಕು ಅನ್ನೋದು ನನ್ನ ವಾದ. ಧೂಳಿನ ರಸ್ತೆಯಲ್ಲಿ ಓಡಿಸುವವರು ಏರ್ ಫಿಲ್ಟರ್ ಬೇಗ ಬದಲಿಸಿ ಅಂತ ಮ್ಯಾನುಯಲ್‌ನಲ್ಲಿ ಬರೆಯಲು ಬರುತ್ತೆ, ಉಪ್ಪು ಗಾಳಿಯಲ್ಲಿ ನಿಲ್ಲಿಸುವವರು ಪಿನ್ ನೋಡಿಸಿ ಅಂತ ಅಷ್ಟೇ ಎದ್ದು ಕಾಣುವ ಹಾಗೆ ಬರೆದರೆ ಏನು ಗಂಟು ಹೋಗುತ್ತೆ? ಅಲ್ಲಿಯವರೆಗೆ ನಾವೇ ಕೇಳಿ ಮಾಡಿಸಬೇಕು, ಬಿಚ್ಚಿದ ಪ್ಯಾಡಿನ ಫೋಟೋ ವಾಟ್ಸಾಪ್‌ಗೆ ಹಾಕಿ ಅಂತ ಹೇಳಬೇಕು.

ಉಡುಪಿ, ಕಾಪು ಕಡೆ ಹೈಬ್ರಿಡ್ ಬ್ರೇಕ್ ಸರಿಯಾಗಿ ಬಿಚ್ಚಿ ಕಟ್ಟುವ, ಸ್ಕ್ಯಾನರ್ ಇರುವ ಗ್ಯಾರೇಜು ಗೊತ್ತಿದ್ದರೆ ಕಾಮೆಂಟಲ್ಲಿ ಹೇಳಿ. ಭಾವ ಮುಂದಿನ ತಿಂಗಳು ಬರ್ತಾರೆ, ಬಂದ ಮರುದಿನವೇ ಮನೆಯವರನ್ನೆಲ್ಲ ಕೂರಿಸಿಕೊಂಡು ಘಾಟಿ ಹತ್ತಿ ಶೃಂಗೇರಿಗೆ ಹೋಗುವ ಪ್ಲಾನ್ ಹಾಕಿದ್ದಾರೆ. ಅದಕ್ಕೆ ಮೊದಲು ಕಾರು ಗ್ಯಾರೇಜಿಗೆ ಹೋಗಬೇಕು.