ಗೇಜಿನ ಮುಂದೆ ನಿಂತು ನೋಡುವವರು ಬೇಕು

ನಮ್ಮಪ್ಪ ಮಂಡ್ಯ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಅಟೆಂಡೆಂಟ್ ಆಗಿದ್ದರು. ಕಬ್ಬು ಅರೆಯುವ ಸೀಸನ್ ಮುಗಿದ ಮೇಲೆ ವರ್ಷಕ್ಕೊಂದು ಸಲ ಬಾಯ್ಲರ್ ಇನ್ಸ್‌ಪೆಕ್ಟರ್ ಬರುತ್ತಿದ್ದರು. ಅವರು ಬರುವ ಮುಂಚಿನ ವಾರವೆಲ್ಲ ಅಪ್ಪ ಮನೆಗೆ ಬರುವಾಗ ಮೈತುಂಬ ಮಸಿ. ಬಾಯ್ಲರ್ ಆರಿಸಿ, ಒಳಗಿಳಿದು ಕೆರೆದು, ತೊಳೆದು ಇಡಬೇಕಿತ್ತು. ಆಮೇಲೆ ಅದರ ತುಂಬ ನೀರು ತುಂಬಿಸಿ, ದಿನಾ ಓಡಿಸುವ ಒತ್ತಡಕ್ಕಿಂತ ಜಾಸ್ತಿ ಒತ್ತಡ ಕೊಡುತ್ತಿದ್ದರು. ಇನ್ಸ್‌ಪೆಕ್ಟರ್ ಗೇಜಿನ ಮುಂದೆ ನಿಂತು ಮುಳ್ಳನ್ನೇ ನೋಡುತ್ತಿದ್ದರು.

ನೀರೇ ಯಾಕೆ ಅಂತ ಚಿಕ್ಕಂದಿನಲ್ಲಿ ಅಪ್ಪನನ್ನು ಕೇಳಿದ್ದೆ. ಗಾಳಿಯನ್ನೋ ಹಬೆಯನ್ನೋ ಅದುಮಿಟ್ಟಾಗ ತಗಡು ಒಡೆದರೆ ಅದು ಬಾಂಬ್ ಇದ್ದ ಹಾಗೆ. ನೀರು ಅದುಮಿದರೂ ಅಷ್ಟಾಗಿ ಕುಗ್ಗುವುದಿಲ್ಲ, ಹಾಗಾಗಿ ಒಡೆದರೆ ಸೋರುತ್ತದೆ, ಒತ್ತಡ ಇಳಿದುಹೋಗುತ್ತದೆ. ದೋಷವಿದ್ದರೆ ಯಾರಿಗೂ ಪೆಟ್ಟಾಗದೆ ಅವತ್ತೇ ಹೊರಗೆ ಬರುತ್ತದೆ. ಹೋದ ವರ್ಷದ ಕಾಗದ ತೋರಿಸಿದರೆ ಸಾಲುತ್ತಿರಲಿಲ್ಲ. 'ಏನೂ ತೊಂದರೆ ಇಲ್ಲ ಸಾರ್' ಅಂದರೂ ಸಾಲುತ್ತಿರಲಿಲ್ಲ. ಮುಳ್ಳು ಅಲುಗದೆ ನಿಂತರೆ ಮಾತ್ರ ಸಹಿ. ಸಹಿ ಇಲ್ಲದೆ ಬೆಂಕಿ ಹಾಕುವಂತಿಲ್ಲ. ಆಗ ಇದ್ದ 1923ರ ಬಾಯ್ಲರ್ ಕಾಯ್ದೆಯ ಪ್ರಕಾರ ಆ ಸಹಿಯ ಆಯಸ್ಸು ಹೆಚ್ಚೆಂದರೆ 12 ತಿಂಗಳಾಗಿತ್ತು.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ನಾನು ಈಗ ಇರುವುದು ಕ್ಯಾಲಿಫೋರ್ನಿಯಾದ ಮಿಲ್ಪಿಟಸ್‌ನಲ್ಲಿ. ನಮ್ಮ ಕನ್ನಡದವರು ಇಲ್ಲಿ ಬೇಕಾದಷ್ಟು ಜನ ಇದ್ದೇವೆ. ಈ ಊರಲ್ಲಿ ಒಂದು ಗ್ಯಾಸ್ ಟರ್ಮಿನಲ್ ಇದೆ. ಅಲ್ಲಿಂದ 132 ಅನ್ನುವ ನಂಬರಿನ ಪೈಪ್‌ಲೈನ್ ಹೊರಟು ಸ್ಯಾನ್ ಫ್ರಾನ್ಸಿಸ್ಕೋವರೆಗೆ, ಸುಮಾರು 46 ಮೈಲಿ, ಊರೂರುಗಳ ಅಡಿಯಲ್ಲಿ ಸಾಗುತ್ತದೆ. ಸಂಜೆ ವಾಕಿಂಗ್ ಹೋಗುವಾಗ ಗ್ಯಾಸ್ ಪೈಪಿನ ಗುರುತಿನ ಕಂಬ ಎಲ್ಲಾದರೂ ಕಂಡರೆ ನನಗೆ 2010ರ ಸೆಪ್ಟೆಂಬರ್ 9 ನೆನಪಾಗುತ್ತದೆ. ನಾನು ಈ ದೇಶಕ್ಕೆ ಬರುವ ಮುಂಚಿನ ಮಾತು. ಆದರೂ ಇಲ್ಲಿಗೆ ಬಂದ ಮೇಲೆ ಅದರ ತನಿಖಾ ವರದಿಯನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಆ ದಿನ ಮಿಲ್ಪಿಟಸ್ ಟರ್ಮಿನಲ್ಲಿನಲ್ಲಿ ಕರೆಂಟ್ ಬ್ಯಾಕಪ್ ಬದಲಿಸುವ ಕೆಲಸ ನಡೆದಿತ್ತು. ಅದರ ನಡುವೆ ಒತ್ತಡ ಹಿಡಿದಿಡುವ ವಾಲ್ವ್‌ಗಳು ತೆರೆದುಕೊಂಡವು. ಲೈನಿನಲ್ಲಿ ಒತ್ತಡ ಏರಿತು. ಸಂಜೆ ಆರು ದಾಟಿ ಹನ್ನೊಂದು ನಿಮಿಷಕ್ಕೆ, ಏರ್‌ಪೋರ್ಟ್ ಪಕ್ಕದ ಸ್ಯಾನ್ ಬ್ರೂನೋ ಊರಿನ ಒಂದು ಬಡಾವಣೆಯಲ್ಲಿ 30 ಇಂಚಿನ ಪೈಪ್ ಸೀಳಿತು. 28 ಅಡಿ ಉದ್ದದ ತುಂಡು ನೆಲದಿಂದ ಕಿತ್ತು ನೂರು ಅಡಿ ದೂರ ಹೋಗಿ ಬಿತ್ತು. ವಿಮಾನ ಬಿತ್ತು ಅಂತಲೇ ಜನ ಅಂದುಕೊಂಡರು. ಅಡಿಯಲ್ಲಿದ್ದ ನೀರಿನ ಮೇನ್ ಕೂಡ ಒಡೆದಿದ್ದರಿಂದ ಅಗ್ನಿಶಾಮಕದವರು ಹೈಡ್ರಂಟ್ ತಿರುಗಿಸಿದರೆ ನೀರಿಲ್ಲ. ಗ್ಯಾಸ್ ನಿಲ್ಲಿಸಲು 95 ನಿಮಿಷ ಬೇಕಾಯಿತು. ಹತ್ತಿರದ ವಾಲ್ವ್‌ಗಳು ದೂರದಿಂದ ಮುಚ್ಚುವಂಥವಲ್ಲ. ಮೆಕ್ಯಾನಿಕ್‌ಗಳು ಗಾಡಿಯಲ್ಲಿ ಹೋಗಿ ಕೈಯಿಂದ ತಿರುಗಿಸಬೇಕಿತ್ತು. ಎಂಟು ಜನ ಸತ್ತರು. 38 ಮನೆಗಳು ಸುಟ್ಟುಹೋದವು.

ಒತ್ತಡ ಮಿತಿ ಮೀರಿತ್ತಾ? ಇಲ್ಲ. ಒತ್ತಡವನ್ನು ಪಿಎಸ್‌ಐ ಅನ್ನುವ ಅಳತೆಯಲ್ಲಿ ಹೇಳುತ್ತಾರೆ; ಪೈಪ್ ಸೀಳಿದಾಗ ಅಲ್ಲಿದ್ದದ್ದು 386 ಪಿಎಸ್‌ಐ. ಆ ಲೈನಿಗೆ ಒಪ್ಪಿದ್ದ ಗರಿಷ್ಠ ಒತ್ತಡ 400. ಅಂದರೆ ಕಾಗದದ ಪ್ರಕಾರ ಎಲ್ಲ ಸರಿಯಿದ್ದಾಗಲೇ ಒಡೆದದ್ದು. ಹಾಗಾದರೆ ಆ 400 ಎಲ್ಲಿಂದ ಬಂತು? ಅಪ್ಪನ ಬಾಯ್ಲರಿನ ಹಾಗೆ ನೀರು ತುಂಬಿಸಿ ಪರೀಕ್ಷೆ ಮಾಡಿ ಬಂದದ್ದಲ್ಲ. ಪೈಪ್ ಹಾಕಿದ್ದು 1956ರಲ್ಲಿ. ಕ್ಯಾಲಿಫೋರ್ನಿಯಾ ನೀರಿನ ಪರೀಕ್ಷೆ ಕಡ್ಡಾಯ ಮಾಡಿದ್ದು 1961ರಲ್ಲಿ, ಕೇಂದ್ರದ ನಿಯಮ ಬಂದದ್ದು 1970ರಲ್ಲಿ. ಎರಡೂ ಹೊಸ ಪೈಪುಗಳಿಗೆ ಮಾತ್ರ. ಹಳೆಯವಕ್ಕೆ ವಿನಾಯಿತಿ. 1970ರ ಜುಲೈಗೆ ಮುಂಚಿನ ಐದು ವರ್ಷದಲ್ಲಿ ಅತಿ ಹೆಚ್ಚು ಎಷ್ಟು ಒತ್ತಡದಲ್ಲಿ ಓಡಿಸಿದ್ದಿರಿ? ಅದೇ ನಿಮ್ಮ ಮಿತಿ ಅಂತ ಕಾನೂನು ಹೇಳಿತು. ಇಷ್ಟು ದಿನ ಒಡೆದಿಲ್ಲ, ಹಾಗಾಗಿ ಗಟ್ಟಿಯಿದೆ ಅನ್ನುವ ಲೆಕ್ಕ.

ಗಟ್ಟಿ ಇರಲಿಲ್ಲ. ಆ ಜಾಗದಲ್ಲಿ ನಾಲ್ಕಡಿ ಆಸುಪಾಸಿನ ಗಿಡ್ಡ ತುಂಡುಗಳನ್ನು ಒಂದಕ್ಕೊಂದು ಬೆಸೆದಿದ್ದರು. ಅವುಗಳಲ್ಲಿ ಕೆಲವು ತುಂಡುಗಳ ಉದ್ದನೆಯ ಹೊಲಿಗೆಗೆ ಹೊರಗಡೆಯಿಂದ ಮಾತ್ರ ವೆಲ್ಡಿಂಗ್. ತಗಡಿನ ಪೂರ್ತಿ ದಪ್ಪಕ್ಕೆ ಅದು ಇಳಿದೇ ಇರಲಿಲ್ಲ. ಆ ಪೈಪಿನ ಒಡೆತನದ ಗ್ಯಾಸ್ ಕಂಪನಿ, ಅಂದರೆ ಪಿಜಿ ಆ್ಯಂಡ್ ಇ ಕಂಪನಿಯ ದಾಖಲೆಯಲ್ಲಿ ಮಾತ್ರ ಆ ಭಾಗ 'ಸೀಮ್‌ಲೆಸ್' ಅಂತಿತ್ತು. ಹೊಲಿಗೆಯೇ ಇಲ್ಲದ ಪೈಪ್ ಅಂತ! 1956ರ ಹೊತ್ತಿಗೆ 30 ಇಂಚಿನ ಸೀಮ್‌ಲೆಸ್ ಪೈಪನ್ನು ಅಮೆರಿಕದಲ್ಲಿ ಯಾರೂ ತಯಾರಿಸುತ್ತಿರಲಿಲ್ಲ. ಈ ವಾಕ್ಯ ಓದಿದಾಗ ನನ್ನ ಕೈಕಾಲು ತಣ್ಣಗಾಯಿತು. ಐವತ್ತು ವರ್ಷಕ್ಕೂ ಹೆಚ್ಚು ಕಾಲ ಆ ಪೈಪಿನ ಮೇಲೆ ಮಕ್ಕಳು ಸೈಕಲ್ ಹೊಡೆದಿದ್ದಾರೆ. 'ಸೀಮ್‌ಲೆಸ್ ಅಂತ ಬರೆದಿದ್ದೀರಲ್ಲ, ನಿಮಗೆ ಹೇಗೆ ಗೊತ್ತು?' ಅಂತ ಪಟ್ಟು ಹಿಡಿದು ಕೇಳಿದವರಿಲ್ಲ.

ಕೇಳಬೇಕಾಗಿದ್ದವರು ಯಾರು? ಮೊದಲು ಕಂಪನಿ. ಅದು ಕೇಳದಿದ್ದಾಗ ಕ್ಯಾಲಿಫೋರ್ನಿಯಾ ಪಬ್ಲಿಕ್ ಯುಟಿಲಿಟೀಸ್ ಕಮಿಷನ್. ಗ್ಯಾಸ್ ಸುರಕ್ಷತೆಯ ಮೇಲೆ ಕಣ್ಣಿಡುವುದು ಅದರ ಕೆಲಸ. ಆಡಿಟ್‌ಗಳು ನಡೆದಿದ್ದವು. ಆದರೂ ಕಂಪನಿಯ ಪೈಪ್ ನಿರ್ವಹಣೆಯ ಯೋಜನೆಯಲ್ಲಿದ್ದ ಕೊರತೆಯನ್ನು ಆಯೋಗ ಕಂಡುಹಿಡಿಯಲಿಲ್ಲ, ಅದೂ ಈ ಅಪಘಾತಕ್ಕೆ ಒಂದು ಕಾರಣ ಅಂತ ಅಪಘಾತಗಳ ತನಿಖೆ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಟಿಎಸ್‌ಬಿ 2011ರ ವರದಿಯಲ್ಲಿ ಬರೆಯಿತು. ನನಗೆ ತುಂಬ ಮುಖ್ಯ ಅನಿಸುವುದು ಇದೇ. ನಿಯಮ ಇತ್ತು, ಕಂಪನಿಯ ಕೈಪಿಡಿ ಇತ್ತು, ಆಡಿಟ್ ಇತ್ತು. ಗೇಜಿನ ಮುಂದೆ ನಿಂತು ನೋಡುವವರು ಇರಲಿಲ್ಲ.

ಅಮೆರಿಕದ ನಿಯಮಗಳು ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಓದಿದರೆ ಎಷ್ಟು ಯೋಚನೆ ಮಾಡಿ ಬರೆದಿದ್ದಾರೆ ಅನಿಸುತ್ತದೆ. 1965ರಲ್ಲಿ ಲೂಸಿಯಾನಾದ ನ್ಯಾಕಿಟಶ್ ಊರಲ್ಲಿ ಗ್ಯಾಸ್ ಪೈಪ್ ಒಡೆದು 17 ಜನ ಸತ್ತರು. ಆಮೇಲೆ 1968ರಲ್ಲಿ ಕಾಯ್ದೆ ಬಂತು. ಅದರಡಿಯ ನಿಯಮದ ಪ್ರಕಾರ ಪ್ರತಿ ಕಂಪನಿಯೂ ನಿರ್ವಹಣೆಯ ಕೈಪಿಡಿ ಬರೆದಿಡಬೇಕು, ಬರೆದ ಹಾಗೇ ನಡೆಯಬೇಕು. ನೀವೇ ಬರೆದುಕೊಂಡದ್ದನ್ನು ನೀವು ಮಾಡದಿದ್ದರೂ ಅದು ಉಲ್ಲಂಘನೆ. ತುರ್ತಿನಲ್ಲಿ ಬೇಕಾಗುವ ಪ್ರತಿ ವಾಲ್ವನ್ನೂ ವರ್ಷಕ್ಕೊಮ್ಮೆ ಸ್ವಲ್ಪವಾದರೂ ತಿರುಗಿಸಿ ನೋಡಬೇಕು. ಅದರ ಜೊತೆಗೇ ಇನ್ನೊಂದು ಮಾತು: ಎರಡು ತಪಾಸಣೆಗಳ ನಡುವೆ 15 ತಿಂಗಳು ಮೀರಬಾರದು. ವರ್ಷಕ್ಕೊಮ್ಮೆ ಅಂತ ಮಾತ್ರ ಬರೆದರೆ ಒಬ್ಬರು ಈ ಜನವರಿಯಲ್ಲಿ ಮಾಡಿ, ಮುಂದಿನದನ್ನು ಮರುವರ್ಷದ ಡಿಸೆಂಬರಿನಲ್ಲಿ ಮಾಡಬಹುದು. ಲೆಕ್ಕಕ್ಕೆ ಸರಿ, ನಡುವೆ 23 ತಿಂಗಳು ಅಂತರ. ಆ ಕಿಂಡಿ ಮುಚ್ಚಲು ಈ 15 ತಿಂಗಳು. ಮನುಷ್ಯ ಎಲ್ಲಿ ಜಾರಿಕೊಳ್ಳುತ್ತಾನೆ ಅಂತ ಗೊತ್ತಿದ್ದವರು ಬರೆದ ಸಾಲು ಅದು. ಪೈಪ್ ತುಕ್ಕು ಹಿಡಿಯದಂತೆ ಸಣ್ಣ ಕರೆಂಟ್ ಹರಿಸುವ ರೆಕ್ಟಿಫೈಯರ್‌ಗಳನ್ನಂತೂ ವರ್ಷಕ್ಕೆ ಆರು ಸಲ ನೋಡಬೇಕು, ಎರಡೂವರೆ ತಿಂಗಳ ಅಂತರ ಮೀರದಂತೆ.

ಆದರೆ ರಿಜಿಸ್ಟರಿನಲ್ಲಿ ಟಿಕ್ ಹಾಕಲು ವಾಲ್ವ್ ತಿರುಗಿಸಲೇಬೇಕು ಅಂತೇನಿಲ್ಲ. ಪೆನ್ ಇದ್ದರೆ ಸಾಕು.

ಹಾಗಾಗಿ ಎಲ್ಲ ನಿಂತಿರುವುದು ತಪಾಸಣೆಗೆ ಬರುವವರ ಮೇಲೆ. ಅವರು ಬಂದು ಫೈಲ್ ನೋಡಿ ಹೋಗುತ್ತಾರೋ, 'ಈ ಹದಿನೇಳನೇ ವಾಲ್ವ್ ತಿರುಗಿಸಿ, ನಾನು ನೋಡಬೇಕು' ಅನ್ನುತ್ತಾರೋ? ಸ್ಯಾನ್ ಬ್ರೂನೋ ಆದ ಮೇಲೆ ಪೈಪುಗಳ ದಾಖಲೆ ಮೂಲದವರೆಗೆ ಹುಡುಕಲು ಸಿಗಬೇಕು, ತಾಳೆ ನೋಡಲು ಬರಬೇಕು, ಪೂರ್ತಿಯಾಗಿರಬೇಕು ಅಂತ ಎನ್‌ಟಿಎಸ್‌ಬಿ ಹೇಳಿತು. ಕಂಪನಿಯವರು ಕೌ ಪ್ಯಾಲೇಸ್ ಅನ್ನುವ ದೊಡ್ಡ ಒಳಾಂಗಣಕ್ಕೆ ಪೆಟ್ಟಿಗೆಗಟ್ಟಲೆ ಹಳೇ ಕಾಗದ ತಂದು ಸುರಿದು ಹುಡುಕಿದರು. ಜನ ಸತ್ತ ಮೇಲೆ ಆಗುವ ಕೆಲಸ ಜನ ಬದುಕಿದ್ದಾಗಲೇ ಆಗಬಾರದಿತ್ತಾ?

ಶಿಕ್ಷೆಯ ಕಥೆಯನ್ನೂ ಹೇಳಬೇಕು. 2015ರಲ್ಲಿ ಆಯೋಗ 160 ಕೋಟಿ ಡಾಲರ್ ದಂಡ ಹಾಕಿತು. ಅದರಲ್ಲಿ 85 ಕೋಟಿ ಪೈಪ್ ಸುರಕ್ಷತೆಯ ಕೆಲಸಕ್ಕೇ ಹೋಗಬೇಕು ಅಂತ ಹೇಳಿದ್ದು ನನಗೆ ಒಪ್ಪಿಗೆ. 2016ರಲ್ಲಿ ಫೆಡರಲ್ ಕೋರ್ಟಿನ ಜ್ಯೂರಿ ಕಂಪನಿಯನ್ನು ಆರು ಆರೋಪಗಳಲ್ಲಿ ಅಪರಾಧಿ ಅಂದಿತು. ಐದು ಪೈಪ್‌ಲೈನ್ ಸುರಕ್ಷತಾ ಕಾಯ್ದೆ ಮುರಿದದ್ದಕ್ಕೆ, ಒಂದು ತನಿಖೆಗೆ ಅಡ್ಡಿ ಮಾಡಿದ್ದಕ್ಕೆ. ಆ ಆರಕ್ಕೆ ಬಿದ್ದ ದಂಡ 30 ಲಕ್ಷ ಡಾಲರ್. ಕಾನೂನಿನಲ್ಲಿ ಅದೇ ಗರಿಷ್ಠ. ಜೊತೆಗೆ ಐದು ವರ್ಷ ಪ್ರೊಬೇಷನ್, ಅಂದರೆ ಕೋರ್ಟಿನ ನಿಗಾ, ಹತ್ತು ಸಾವಿರ ಗಂಟೆ ಸಮಾಜಸೇವೆ. ಇದರ ನಡುವೆ ಸ್ಯಾನ್ ಬ್ರೂನೋ ನಗರಸಭೆಯವರು ಕೋರ್ಟಿಗೆ ಹೋಗಿ ಆಯೋಗದವರು ಮತ್ತು ಕಂಪನಿಯವರ ನಡುವಿನ ಇಮೇಲ್‌ಗಳನ್ನು ಹೊರಗೆ ತಂದರು. ಕಾವಲುಗಾರರಿಗೂ ಕಾಯಿಸಿಕೊಳ್ಳುವವರಿಗೂ ಎಷ್ಟು ಸಲಿಗೆ ಇತ್ತು ಅನ್ನುವುದು ಊರಿಗೆಲ್ಲ ಗೊತ್ತಾಯಿತು. 2014ರ ಕೊನೆಗೆ ಆಯೋಗದ ಅಧ್ಯಕ್ಷ ಮೈಕೆಲ್ ಪೀವಿ ಹುದ್ದೆಯಿಂದ ಹೊರನಡೆದರು. ನಲವತ್ತು ಸಾವಿರ ಜನರ ಒಂದು ಸಣ್ಣ ಊರು ಹಟ ಬಿಡದೆ ಮಾಡಿದ ಕೆಲಸ ಇದು. ಆ ಊರಿನವರ ಬಗ್ಗೆ ನನಗೆ ತುಂಬ ಗೌರವ.

ದಂಡ ದೊಡ್ಡದಾದರೆ ಸಾಕು ಅಂತ ಕೆಲವು ಗೆಳೆಯರು ವಾದ ಮಾಡುತ್ತಾರೆ. ನಾನು ಪೂರ್ತಿ ಒಪ್ಪುವುದಿಲ್ಲ. ಅಪಘಾತ ಆದ ಮೇಲೆ ಬೀಳುವ ದೊಡ್ಡ ದಂಡಕ್ಕಿಂತ, ಏನೂ ಆಗದ ಒಂದು ಮಾಮೂಲಿ ಮಂಗಳವಾರ, ತಪ್ಪಿದ ವಾಲ್ವ್ ತಪಾಸಣೆಗೆ ಬೀಳುವ ಸಣ್ಣ ದಂಡ ಜಾಸ್ತಿ ಕೆಲಸ ಮಾಡುತ್ತದೆ. ಅಪ್ಪನ ಕಾರ್ಖಾನೆಯಲ್ಲಿ ಯಾರೂ ಜೈಲಿಗೆ ಹೆದರುತ್ತಿರಲಿಲ್ಲ. ಸಹಿ ಸಿಗದಿದ್ದರೆ ಸೀಸನ್ ಶುರುವಾಗುವುದಿಲ್ಲವಲ್ಲ ಅಂತ ಹೆದರುತ್ತಿದ್ದರು.

ಇದು ಬರೀ ಅಮೆರಿಕದ ಕಥೆ ಅಂದುಕೊಳ್ಳಬೇಡಿ. 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಹಳ್ಳಿಯಲ್ಲಿ ಗೇಲ್ ಸಂಸ್ಥೆಯ 18 ಇಂಚಿನ ಪೈಪ್ ಸೋರಿ ಬೆಂಕಿ ಹತ್ತಿತು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು, ತೆಂಗಿನ ತೋಟಗಳು ಕರಕಲಾದವು. ಒಣ ಗ್ಯಾಸಿಗೆಂದು ಹಾಕಿದ್ದ ಪೈಪಿನಲ್ಲಿ ನೀರಿನಂಶ ಇರುವ ಗ್ಯಾಸ್ ಹರಿಸಿದ್ದರಿಂದ ಒಳಗಿನಿಂದ ತುಕ್ಕು ತಿಂದಿತ್ತು. ನೆಲದ ಮೇಲಿಂದ ನೋಡಿದರೆ ಕಾಣುವ ರೋಗವಲ್ಲ ಅದು. ಒಳಗೆ ಏನಿದೆ ಅಂತ ಅಳೆದು, ಬರೆದು, ಇನ್ನೊಬ್ಬರಿಗೆ ತೋರಿಸಿದರೆ ಮಾತ್ರ ಸಿಕ್ಕಿಬೀಳುತ್ತದೆ.

ನಮ್ಮ ದೇಶದಲ್ಲೂ ಪೆಟ್ರೋಲಿಯಂ, ಗ್ಯಾಸ್ ಪೈಪುಗಳ ಮೇಲೆ ಕಣ್ಣಿಡುವ ಪಿಎನ್‌ಜಿಆರ್‌ಬಿ ಅನ್ನುವ ಮಂಡಳಿ ಇದೆ. ಅದರ ಕಾಯ್ದೆ 2006ರದ್ದು. ಪೈಪ್‌ಲೈನಿನ ಸುರಕ್ಷತೆಗೆ, ನಿರ್ವಹಣೆಗೆ, ತುರ್ತು ಸಿದ್ಧತೆಗೆ ಬೇರೆ ಬೇರೆ ನಿಯಮಾವಳಿಗಳೂ ಇವೆ. ನಿಯಮ ಮುರಿದರೆ ಒಂದು ಕೋಟಿ ರೂಪಾಯಿವರೆಗೆ ದಂಡ ಹಾಕಬಹುದು, ಸರಿಪಡಿಸದೆ ಮುಂದುವರಿದರೆ ದಿನಕ್ಕೆ 10 ಲಕ್ಷದವರೆಗೆ. ಅಧಿಕಾರ ಕಡಿಮೆಯೇನಲ್ಲ. ಈಗ ಮಹಾರಾಷ್ಟ್ರದ ದಾಭೋಳದಿಂದ ಬರುವ ಗ್ಯಾಸ್ ಪೈಪ್ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು ದಾಟಿ ಬೆಂಗಳೂರಿಗೆ ಬಂದಿದೆ. ಕೊಚ್ಚಿಯಿಂದ 450 ಕಿಲೋಮೀಟರ್ ದೂರ ಮಂಗಳೂರಿಗೆ ಬಂದ ಪೈಪ್ 2021ರ ಜನವರಿಯಲ್ಲಿ ಉದ್ಘಾಟನೆ ಆಯಿತು. ಎಲ್ಲ ಹೊಸ ಪೈಪ್. ಸ್ಯಾನ್ ಬ್ರೂನೋದ ಪೈಪೂ ಒಂದು ಕಾಲಕ್ಕೆ ಹೊಸದೇ, ಅಲ್ವಾ. ಅದರ ತಪ್ಪು ಹುಟ್ಟಿದ್ದು 1956ರಲ್ಲಿ, ಸತ್ತವರು 2010ರಲ್ಲಿ. ಇವತ್ತು ನಮ್ಮೂರಲ್ಲಿ ಯಾವ ವೆಲ್ಡಿಂಗ್ ಹೇಗಾಯಿತು, ಯಾರು ಪರೀಕ್ಷೆ ಮಾಡಿದರು, ಯಾವ ಒತ್ತಡಕ್ಕೆ ಎಷ್ಟು ಹೊತ್ತು ನಿಂತಿತು ಅನ್ನುವ ಕಾಗದ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬೇಕು. ಅದಕ್ಕೇ ಕೇಳುತ್ತಿದ್ದೇನೆ: ಮಂಡಳಿಯ ತಪಾಸಣೆಯಲ್ಲಿ ಏನು ಸಿಕ್ಕಿತು, ಯಾರಿಗೆ ನೋಟಿಸ್ ಹೋಯಿತು, ಸರಿಪಡಿಸಿದರಾ ಅನ್ನುವುದು ಪೈಪ್ ಹಾದುಹೋಗುವ ಪ್ರತಿ ಪಂಚಾಯಿತಿ ಕಚೇರಿಯ ಗೋಡೆ ಮೇಲೆ ಇರಲಿ. ಕನ್ನಡದಲ್ಲಿ ಇರಲಿ. ನೆಲ ಬಿಟ್ಟುಕೊಟ್ಟ ರೈತರಿಗೆ ಅಷ್ಟು ತಿಳಿಯುವ ಹಕ್ಕಿಲ್ಲವಾ?

ಹೋದ ವರ್ಷ ಬೆಂಗಳೂರಿನ ನಮ್ಮ ಮನೆಗೂ ಪೈಪ್ ಗ್ಯಾಸ್ ಬಂತು. ಹುಡುಗರಿಬ್ಬರು ಬಂದು ಅಡುಗೆಮನೆಗೆ ಪೈಪ್ ಎಳೆದು, ಗೇಜ್ ಸಿಕ್ಕಿಸಿ, ಒತ್ತಡ ಕೊಟ್ಟು, ಎರಡೇ ನಿಮಿಷಕ್ಕೆ ಬಿಚ್ಚಲು ಹೋದರಂತೆ. ಅಪ್ಪನಿಗೆ ಈಗ 78. ಕುರ್ಚಿ ಎಳೆದುಕೊಂಡು ಗೇಜಿನ ಮುಂದೆ ಕೂತರಂತೆ. 'ನಿಮ್ಮ ಫಾರಂನಲ್ಲಿ ಎಷ್ಟು ಹೊತ್ತು ಅಂತ ಬರೆದಿದೆಯೋ ಅಷ್ಟು ಹೊತ್ತು ಇರಲಿ ಕಣ್ರಪ್ಪ. ಅಷ್ಟರಲ್ಲಿ ಕಾಫಿ ಕುಡೀರಿ' ಅಂದರಂತೆ. ಹುಡುಗರು ಕಾಫಿ ಕುಡಿದರು. ಮುಳ್ಳು ಅಲುಗಲಿಲ್ಲ. ಅಪ್ಪ ಸಹಿ ಹಾಕಿದರು.

ಮುಂದಿನ ತಪಾಸಣೆಯ ತಾರೀಖು ಬರೆದ ಕಾರ್ಡನ್ನು ಕ್ಯಾಲೆಂಡರಿನ ಮೊಳೆಗೇ ನೇತುಹಾಕಿದ್ದಾರೆ. ಮೊನ್ನೆ ಭಾನುವಾರ ಫೋನ್ ಮಾಡಿದಾಗ ಹೇಳಿದರು: 'ತಾರೀಖು ದಾಟಿ ಹನ್ನೊಂದು ದಿನ ಆಯ್ತು, ಯಾರೂ ಬಂದಿಲ್ಲ. ನಾಳೆ ನಾನೇ ಆಫೀಸಿಗೆ ಹೋಗಿ ಬರ್ತೀನಿ.'