ಆ ಕಲ್ಲುಹಳಿ 5000 ವರ್ಷ ಹಳೆಯದಲ್ಲ

ಹುಲ್ಲಿನ ನಡುವೆ ಅಂಚು ಕಡೆದ ಎರಡು ಕಲ್ಲುಸಾಲು. "5000 ವರ್ಷ ಹಿಂದಿನ ರಥದ ದಾರಿ, ಕಟ್ಟಿದವರು ಯಾರೋ ಗೊತ್ತಿಲ್ಲ" ಎಂಬ ಬರಹದ ಜೊತೆ ಈ ಫೋಟೊ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಅದು ಇಂಗ್ಲೆಂಡಿನ ಡೆವನ್‌ನಲ್ಲಿ, ಡಾರ್ಟ್‌ಮೂರ್ ಗುಡ್ಡಗಾಡಿನಲ್ಲಿರುವ ಹೇಟಾರ್ ಗ್ರಾನೈಟ್ ಟ್ರಾಮ್‌ವೇ, ಅಂದರೆ ಕಲ್ಲು ಸಾಗಿಸುವ ಗಾಡಿಗಳು ಓಡುತ್ತಿದ್ದ ಹಳಿದಾರಿ. ಕಟ್ಟಿಸಿದವರು ಅಲ್ಲಿನ ಕ್ವಾರಿಗಳ ಮಾಲೀಕ ಜಾರ್ಜ್ ಟೆಂಪ್ಲರ್. ಶುರುವಾದದ್ದು 1820ರಲ್ಲಿ. ಜಾಡು ಹಿಡಿದು ನೋಡಿದರೂ ವಿಷಯ ಸ್ಪಷ್ಟ: ಹಳಿ ಹೊರಡುತ್ತಿದ್ದುದೇ ಕಲ್ಲು ಕ್ವಾರಿಗಳಿಂದ, ಮುಟ್ಟುತ್ತಿದ್ದುದು ಸುಮಾರು 16 ಕಿ.ಮೀ. ದೂರದ ಸ್ಟೋವರ್ ಕಾಲುವೆಯನ್ನು. ಅಲ್ಲಿಂದ ಕಲ್ಲು ದೋಣಿಯಲ್ಲಿ ಹೋಗುತ್ತಿತ್ತು. 1831ರ ಲಂಡನ್ ಸೇತುವೆಗೂ ಹೋಗಿದೆ.

ಕಬ್ಬಿಣದ ಬದಲು ಅಲ್ಲಿನ ಗ್ರಾನೈಟನ್ನೇ ಹಳಿ ಮಾಡಿದ್ದರು. ಚಕ್ರ ಜಾರದಂತೆ ಕಲ್ಲಿಗೇ ಅಂಚು, ದಾರಿ ಕವಲೊಡೆಯುವ ಕಡೆಯೂ ಹಾಗೇ. ಎಂಥ ಕೆಲಸ ಅಲ್ವಾ! ತುಂಬಿದ ಗಾಡಿಗಳು ಇಳಿಜಾರಿನಲ್ಲಿ ತಾವೇ ಇಳಿಯುತ್ತಿದ್ದವು, ಖಾಲಿ ಗಾಡಿಗಳನ್ನು ಕುದುರೆಗಳು ಮೇಲಕ್ಕೆ ಎಳೆಯುತ್ತಿದ್ದವು.

ಡಾರ್ಟ್‌ಮೂರ್‌ನಲ್ಲಿ ಸಾವಿರಾರು ವರ್ಷ ಹಳೆಯ ನಿಲುಗಲ್ಲುಗಳ ಸಾಲುಗಳೂ ಇವೆ. ಗೊಂದಲ ಅಲ್ಲಿಂದಲೇ ಬಂದಿರಬಹುದು. ಆದರೆ ಈ ಹಳಿ ಕ್ವಾರಿ ಕೆಲಸಗಾರರ ದುಡಿಮೆ. ಅದನ್ನು ಯಾರೂ ಕಟ್ಟದ ನಿಗೂಢ ಮಾಡುವುದು ಅವರಿಗೆ ಅನ್ಯಾಯ.

ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ, ಅದೇ ಗ್ರೂಪಿಗೆ ಈ ಮಾಹಿತಿಯನ್ನೂ ಹಾಕಿ.